ಬೆರಳಿಗೂ ಸಿಗದ ಹೆಸರು

ಬೆಳಗಿನ ಏಳು ಗಂಟೆ. ಲೋಧಿ ಕಾಲೋನಿಯ ಮರಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಅಂಗವಿಕಲರ ಹಕ್ಕುಗಳ ದೂರು ಕಚೇರಿಯಲ್ಲಿ ಒಂದೇ ಕೋಣೆಗೆ ದೀಪ ಹತ್ತಿದೆ. ವೈಜಯಂತಿ ಊಟದ ಡಬ್ಬಿಯಿಂದ ಸ್ಟೀಲ್ ಚಮಚ ತೆಗೆದು, ಅದರ ಬೆನ್ನಿನಿಂದ ದಪ್ಪ ಕಾಗದವೊಂದನ್ನು ಉಜ್ಜುತ್ತಿದ್ದಾರೆ. ಕಾಗದದ ತುಂಬ ಬ್ರೈಲ್ ಚುಕ್ಕೆಗಳು. ಉಜ್ಜಿದ ಸಾಲಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುತ್ತಾರೆ. ಸಮಾಧಾನವಿಲ್ಲ. ಮತ್ತೆ ಚಮಚ.

ಹಾಸನದಿಂದ ಮದುವೆಯಾಗಿ ದೆಹಲಿಗೆ ಬಂದ ವೈಜಯಂತಿಗೆ ಈಗ ಐವತ್ತೊಂಬತ್ತು. ದಿನಕ್ಕೆ ಮೂವತ್ತು, ನಲವತ್ತು ದೂರು ಬರುತ್ತವೆ. ಪ್ರತಿಯೊಂದರ ಪ್ರತಿ ಎದುರು ಪಕ್ಷಕ್ಕೆ ಹೋಗಬೇಕು. ಹೆಸರು ಬೇಡವೆಂದವರ ಹೆಸರು ಹೋಗಬಾರದು. "ಒಂಬತ್ತೂವರೆಗೆ ಎಲ್ಲರೂ ಬರ್ತಾರೆ. ಅಷ್ಟರಲ್ಲಿ ಮೇಜಿನ ಮೇಲೆ ಒಂದು ಹೆಸರೂ ಬಿದ್ದಿರಬಾರದು, ನೋಡಿ" ಎನ್ನುತ್ತಾರೆ.

ಮನೆಯಲ್ಲೂ ಬಾಯಿ ಬಿಡುವವರಲ್ಲ. "ಆಫೀಸಲ್ಲಿ ಏನು ವಿಶೇಷ ಅಂದ್ರೆ, ಹುಳಿಗೆ ಉಪ್ಪು ಸಾಕಾ ಅಂತಾಳೆ. ಇಪ್ಪತ್ತು ವರ್ಷದಿಂದ ಇದೇ ವಾರ್ತೆ" ಎಂದು ನಗುತ್ತಾರೆ ಪತಿ ಏಕನಾಥ.

ಏಳು ವರ್ಷದ ಹಿಂದಿನ ಒಂದು ಲಕೋಟೆಯ ವಿಷಯ ಮಾತ್ರ ಅವರಿಗೂ ಗೊತ್ತು. ಆಗ ವೈಜಯಂತಿ ಮೂರು ದಿನ ಊಟ ಬಿಟ್ಟಿದ್ದರು.

ಓಖ್ಲಾದ ಒಂದು ಉಡುಪು ಘಟಕದಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಅಂಧ ಯುವತಿ ಮೇಲಧಿಕಾರಿಯ ಕೈಚೇಷ್ಟೆಯ ಬಗ್ಗೆ ಬ್ರೈಲ್‌ನಲ್ಲಿ ಎರಡು ಪ್ರತಿ ಕಳಿಸಿದ್ದಳು. ಆಕೆಯನ್ನು ಇಲ್ಲಿ ಅಮೂಲ್ಯ ಎನ್ನೋಣ. ನಿಜ ಹೆಸರನ್ನು ವೈಜಯಂತಿ ಈಗಲೂ ಹೇಳುವುದಿಲ್ಲ. ಆಗಿನ್ನೂ ಬ್ರೈಲ್ ಬಾರದ ವೈಜಯಂತಿ ಅದನ್ನು ಬಲ್ಲವರಿಂದ ಓದಿಸಿ, ಎಲ್ಲ ದೂರುಗಳಿಗೆ ಮಾಡುವಂತೆ ಇದರಲ್ಲೂ ಹೆಸರಿನ ಮೇಲೆ ಕಪ್ಪು ಶಾಯಿ ಬಳಿದು ಒಂದು ಪ್ರತಿ ಕಳಿಸಿದರು. ಘಟಕದವರು ಬ್ರೈಲ್ ಬಲ್ಲ ಇನ್ನೊಬ್ಬ ನೌಕರನನ್ನು ಕರೆದು ಕಾಗದ ಕೈಗಿಟ್ಟರು. ಶಾಯಿಯ ಕೆಳಗೆ ಉಬ್ಬು ಚುಕ್ಕೆಗಳು ಹಾಗೆಯೇ ಇದ್ದವು; ಅವನ ಬೆರಳಿಗೆ ಹೆಸರು ಸಿಕ್ಕಿತು. ಆ ವಾರವೇ ಅಮೂಲ್ಯಳ ಕೆಲಸ ಹೋಯಿತು.

ವೈಜಯಂತಿ ಕರೋಲ್ ಬಾಗ್‌ನ ಆಕೆಯ ಕೋಣೆ ಹುಡುಕಿಕೊಂಡು ಹೋಗಿ, ತಪ್ಪು ನನ್ನದು ಎಂದರು. ಅಮೂಲ್ಯ, "ಆಂಟಿ, ನೀವು ಕಣ್ಣಿರೋರಿಂದ ಮಾತ್ರ ಬಚ್ಚಿಟ್ರಿ" ಎಂದಳು.

ಕ್ಷಮೆ ಸಿಗಲಿಲ್ಲ. ಆದರೆ ಮುಂದಿನ ಭಾನುವಾರದಿಂದ ಬ್ರೈಲ್ ಕಲಿಸಲು ಆಕೆ ಒಪ್ಪಿದಳು. "ಬೆರಳು ಒತ್ತಬೇಡಿ ಆಂಟಿ, ಇದೇನು ರೊಟ್ಟಿ ಹಿಟ್ಟಾ?" ಎಂದು ಗದರುತ್ತಲೇ ಐದು ತಿಂಗಳು ಕಲಿಸಿದಳು. ಹೆಸರನ್ನು ಕತ್ತರಿಸಿ ತೆಗೆದರೆ ಅದರ ಉದ್ದ ತಿಳಿಯುತ್ತದೆ, ಇಡೀ ಸಾಲನ್ನೇ ಉಜ್ಜಿ ಸಮ ಮಾಡಬೇಕು ಎಂದು ತೋರಿಸಿಕೊಟ್ಟವಳೂ ಅವಳೇ.

ಇಂದು ಇಷ್ಟು ಬೆಳಿಗ್ಗೆಯೇ ಫೋನ್ ರಿಂಗಾಗುತ್ತದೆ. ದೂರಿಗೆ ಗುರಿಯಾದ ಯಾವುದೋ ಕಚೇರಿಯ ಮ್ಯಾನೇಜರ್. ಹಿಂದಿಯಲ್ಲಿ ಬೆಣ್ಣೆಯಂಥ ಮಾತು. ಹೆಸರು ಬೇಡ, ಗಂಡೋ ಹೆಣ್ಣೋ ಅಷ್ಟು ಹೇಳಿದರೆ ಸಾಕಂತೆ. "ಭಾಯಿಸಾಬ್, ದೂರು ಬಂದಿದೆ. ಉತ್ತರ ಬರೀರಿ" ಎಂದು ವೈಜಯಂತಿ ಫೋನ್ ಇಡುತ್ತಾರೆ.

ಮಾರ್ಚ್‌ನಲ್ಲಿ ನಿವೃತ್ತಿ. "ಹಾರ, ಶಾಲು ಏನೂ ಬೇಡ. ಈ ಕುರ್ಚಿಗೆ ಬರೋರಿಗೆ ಬೆರಳಲ್ಲಿ ಓದೋದು ಕಲಿಸಿ ಹೋಗೋಕೆ ಬಿಟ್ರೆ ಸಾಕು. ಅರ್ಜಿ ಕೊಟ್ಟಿದೀನಿ."

ಮತ್ತೆ ಕಣ್ಣು ಮುಚ್ಚುತ್ತಾರೆ. ತೋರುಬೆರಳು ಆ ಸಾಲಿನ ಈ ತುದಿಯಿಂದ ಆ ತುದಿಗೆ ನಿಧಾನ ಸಾಗುತ್ತದೆ, ಹಿಂದಕ್ಕೆ ಬರುತ್ತದೆ.

"ಯಾರೂ ಇಲ್ಲ" ಎಂದು ತಮಗೇ ಹೇಳಿಕೊಂಡು, ವೈಜಯಂತಿ ಲಕೋಟೆಗೆ ಅಂಟು ಹಚ್ಚುತ್ತಾರೆ.