ಅಗ್ಗದ ಗಾಜಿನ ಹಳದಿ

ನಮ್ಮ ಬೀದಿಯ ಫೋಟೋದವನಿಗೆ ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವನು ಒರೆಸಣ್ಣ. ಲೆನ್ಸು, ಕನ್ನಡಕ, ಮೇಜಿನ ಗಾಜು, ಎದುರಿಗೆ ಕೂತವನ ಕೈಗಡಿಯಾರ, ಸಿಕ್ಕಿದ್ದನ್ನೆಲ್ಲ ಜೇಬಿನ ಮೆತ್ತನೆ ಬಟ್ಟೆಯಿಂದ ಒರೆಸುತ್ತಲೇ ಮಾತಾಡುವುದು ಅವನ ಚಾಳಿ. ಒಮ್ಮೆ ಮಾತಿನ ಭರದಲ್ಲಿ ಗಿರಾಕಿಯ ಬೋಳುತಲೆಯನ್ನೂ ಒರೆಸಿದನಂತೆ. "ಮಿಂಚು ಹೊಡೀತಿತ್ತು, ಫೋಟೋ ಕೆಡ್ತದಲ್ಲ" ಎಂದು ಸಮಜಾಯಿಷಿ ಕೊಟ್ಟನಂತೆ.

ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಅವನೂ ಅವನ ಅಕ್ಕನೂ ಇದ್ದರು. ಅಕ್ಕನ ಗಂಡ ಬೇಗ ಹೋದ. ಇವನಿಗೆ ಮದುವೆ ಕೂಡಿಬರಲಿಲ್ಲ, ಇವನೂ ಬಿದ್ದು ಹುಡುಕಲಿಲ್ಲ. ಅಕ್ಕ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ದಿನಕ್ಕೆ ಮೂರು ಗಂಟು ಬಟ್ಟೆ, ಊರ ಕೆರೆಯ ಕಲ್ಲು, ಎರಡು ಕೈ. ಅದರಲ್ಲೇ ಮಗಳ ಮದುವೆ ಮಾಡಿದಳು. ತಮ್ಮನ ಮೊದಲ ಕ್ಯಾಮೆರಾ ಬಂದದ್ದೂ ಅದರಲ್ಲೇ.

ಕೆರೆಯ ಆಚೆ ದಡಕ್ಕೆ ಬಣ್ಣದ ಕಾರ್ಖಾನೆ ಬಂತು. ಮೂರನೇ ವರ್ಷ ಅಕ್ಕ ಒಗೆದ ಬಿಳಿ ಬಟ್ಟೆ ಒಣಗುವಾಗ ಹಳದಿಗೆ ತಿರುಗತೊಡಗಿತು. ಆಸ್ಪತ್ರೆಯ ದಾದಿ ಒಂದು ಗಂಟು ಹಾಗೇ ವಾಪಸು ಕಳಿಸಿ, "ಇದು ತೊಳೆದದ್ದೋ, ನೆನೆಸಿದ್ದೋ?" ಅಂದಳು. ಅಕ್ಕನ ಬೆರಳಸಂದಿಗಳಲ್ಲಿ ಹುಣ್ಣೆದ್ದವು. ಇನ್ನೊಂದು ಕೆರೆ ಹತ್ತಿರದಲ್ಲಿ ಇರಲಿಲ್ಲ. ಆಸ್ಪತ್ರೆಯ ಬಟ್ಟೆ ತಪ್ಪಿದರೆ ಅವಳಿಗೆ ಬೇರೆ ಕಸುಬೂ ಇರಲಿಲ್ಲ.

ನಾವು ಒಂದು ಸಮಿತಿ ಮಾಡಿಕೊಂಡು ದೂರು ಕೊಟ್ಟೆವು. ಸಮಿತಿಗೆ ನಾನೇ ಕಾರ್ಯದರ್ಶಿ. ಅಧಿಕಾರಿಗಳು ಬರುವ ದಿನ ಕಾರ್ಖಾನೆಯವರಿಗೆ ಮೊದಲೇ ಗೊತ್ತಾಗುತ್ತಿದ್ದರಿಂದ ಅವತ್ತು ನೀರು ಪನ್ನೀರಿನ ಹಾಗಿರುತ್ತಿತ್ತು. ಕಾರ್ಖಾನೆಯ ಕೊಳವೆ ನೀರಿನೊಳಗೆ ಒಂದು ಮಾರು ಆಳದಲ್ಲಿ ಬಾಯಿ ತೆರೆದಿತ್ತು. ಯಾವುದೋ ಒಂದು ಬೆಳಗ್ಗೆ ಅರ್ಧ ಗಂಟೆ ಬಣ್ಣ ಬಿಟ್ಟು ಸುಮ್ಮನಾಗುವರು. ದಡದಿಂದ ಫೋಟೋ ತೆಗೆದರೆ ಬರುತ್ತಿದ್ದದ್ದು ಆಕಾಶ, ಮೋಡ, ಕಾರ್ಖಾನೆಯ ಗೋಡೆಯ ತಲೆಕೆಳಗಾದ ಬಿಂಬ. ಒಳಗಿನದು ಏನೂ ಇಲ್ಲ.

ದಾರಿ ತೋರಿಸಿದವನು ಒರೆಸಣ್ಣ. ಪೋಲರೈಸರ್ ಎಂಬ ಫಿಲ್ಟರನ್ನು ಲೆನ್ಸಿನ ಮುಂದೆ ತಿರುಚಿ ಹಾಕಿ, ಅದರ ಉಂಗುರವನ್ನು ಮೆಲ್ಲಗೆ ತಿರುಗಿಸಿದರೆ ನೀರಿನ ಮೇಲಿನ ಹೊಳಪು ಅಳಿಸಿಹೋಗುತ್ತದೆ. ನೀರಿನ ಮಟ್ಟಕ್ಕೆ ತೀರ ಬಗ್ಗಿ ನೋಡಿದರೂ ಆಗದು, ನೇರ ಮೇಲಿಂದ ನೋಡಿದರೂ ಆಗದು. ಓರೆಯಾಗಿ, ಹದವಾದ ಎತ್ತರದಲ್ಲಿ ನಿಲ್ಲಬೇಕು. ನನಗೂ ಕಣ್ಣಿಟ್ಟು ನೋಡಲು ಕೊಟ್ಟ. ಮೋಡ ಕರಗಿತು, ಕೆಸರು ಕಂಡಿತು, ಕೊಳವೆಯ ಬಾಯಿ ಕಂಡಿತು.

ಅವನ ಹತ್ತಿರ ಇದ್ದದ್ದು ಅಗ್ಗದ ಫಿಲ್ಟರ್. ಪೇಟೆಯ ಫೋಟೋದವನೊಬ್ಬನ ದುಬಾರಿ ಫಿಲ್ಟರನ್ನು ಒಂದೇ ದಿನದ ಮಟ್ಟಿಗೆ ಕಾಡಿ ಬೇಡಿ ತಂದ. ಎರಡರಲ್ಲೂ ಒಂದೇ ಜಾಗದಿಂದ ಫೋಟೋ ತೆಗೆದ. ಅವತ್ತು ಬಣ್ಣ ಬಿಟ್ಟಿರಲಿಲ್ಲ. ಫೋಟೋಗಳನ್ನು ಸಂಜೆ ಸಮಿತಿಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ.

"ಏನು ವ್ಯತ್ಯಾಸ ಮಹರಾಯ? ಎರಡರಲ್ಲೂ ಕೊಳವೆ ಕಾಣ್ತದೆ" ಅಂದ ನಮ್ಮ ಖಜಾಂಚಿ.

"ಕೊಳವೆ ಬಿಡಿ, ದಡದ ಬಿಳಿ ಕಲ್ಲು ನೋಡಿ. ಒಳ್ಳೇ ಗಾಜಲ್ಲಿ ಬಿಳಿ ಬಿಳಿಯಾಗೇ ಇದೆ. ನನ್ನ ಗಾಜಲ್ಲಿ ಬೆಣ್ಣೆ ಸವರಿದ ಹಾಗಿದೆ. ಅಗ್ಗದ್ದು ಎಲ್ಲದಕ್ಕೂ ತನ್ನ ಹಳದಿ ಒಂಚೂರು ಬಳೀತದೆ. ಬೆಳಕನ್ನೂ ಜಾಸ್ತಿ ತಿನ್ತದೆ. ಹೊಳಪೂ ಪೂರ್ತಿ ಹೋಗಲ್ಲ, ಈ ಮೂಲೇಲಿ ಉಳ್ಕೊಂಡಿದೆ ನೋಡಿ."

"ಇದಕ್ಕಿಂತ ಅದರ ಬೆಲೆ ಎಷ್ಟು ಜಾಸ್ತಿ?" ಅಂದ ಖಜಾಂಚಿ.

"ಹತ್ತು ಪಟ್ಟು. ಸಮಿತಿಯಿಂದ ಒಂದು ಕೊಡಿಸಿ. ಯಾವತ್ತು ಬಣ್ಣ ಬಿಡ್ತಾರೋ ಗೊತ್ತಿಲ್ಲ, ದಿನಾ ಕಾಯ್ಬೇಕು. ಎರವಲು ತಂದು ಆಗೋ ಕೆಲಸ ಅಲ್ಲ."

"ಅಲ್ಲ ಒರೆಸಣ್ಣ, ನೀರು ಹಳದಿ ಅಂತ ತೋರಿಸೋಕೆ ತಾನೇ ನಾವು ಹೊರಟಿರೋದು? ಒಂಚೂರು ಜಾಸ್ತಿ ಹಳದಿ ಕಂಡ್ರೆ ನಿನ್ನ ಗಂಟೇನು ಹೋಗ್ತದೆ?"

ಹೀಗೆ ಕೇಳಿದವನು ನಾನೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಗಲಿಲ್ಲ. ಎರಡು ಫೋಟೋಗಳನ್ನೂ ಒರೆಸಿ ಲಕೋಟೆಗೆ ಹಾಕಿಕೊಂಡು ಹೋದ. ಆ ತಿಂಗಳು ನಾವು ಹೊಸ ಧ್ವನಿವರ್ಧಕ ಕೊಂಡೆವು.

ಹತ್ತೊಂಬತ್ತು ದಿನ ಬೆಳಗ್ಗೆ ಅವನು ಕೆರೆ ದಡದಲ್ಲಿ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟಿ ಕೂತ. ಅಕ್ಕ ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆಯುವಳು. ಇಪ್ಪತ್ತನೆಯ ದಿನ ಅವಳೇ ಕೂಗಿದಳು: "ಲೋ, ಬಂತು ನೋಡೋ!" ಅಗ್ಗದ ಫಿಲ್ಟರಿನ ಉಂಗುರ ಬಿಗಿದುಕೊಂಡಿತ್ತು. ಹಲ್ಲು ಕಚ್ಚಿ ತಿರುಗಿಸಿದ. ಹನ್ನೊಂದು ಫೋಟೋ ಸಿಕ್ಕವು. ಕೊಳವೆಯ ಬಾಯಿಂದ ಹಳದಿ ಹೊಗೆಯಂಥದ್ದು ನೀರಿನೊಳಗೆ ಹರಡುತ್ತಿತ್ತು. ಅವನ್ನು ನೋಡಿ ಅಕ್ಕ ಹುಣ್ಣಿನ ಕೈಯಿಂದಲೇ ತಮ್ಮನ ಬೆನ್ನಿಗೊಂದು ಗುದ್ದಿದಳು. ಅವಳ ಮುದ್ದು ಯಾವಾಗಲೂ ಹಾಗೇ.

ವಿಚಾರಣೆಯ ದಿನ ಕಾರ್ಖಾನೆಯವರು ಕೊಳವೆ ಇಲ್ಲ ಎನ್ನಲಿಲ್ಲ. ಅದು ಮಳೆನೀರಿನ ಹಳೇ ಕೊಳವೆ, ಅದರಲ್ಲಿ ಬರುವುದು ಬರಿ ನೀರು ಅಂದರು. ಅಲ್ಲಿಗೆ ಇಡೀ ದೂರು ಬಣ್ಣದ ಮೇಲೆ ನಿಂತಿತು. ಆಮೇಲೆ ಅವರ ಕಡೆಯ ಫೋಟೋ ಪರಿಣತ ಎದ್ದ. ಒಂದು ಬಿಳಿ ಹಾಳೆಯ ಮೇಲೆ ಎರಡು ಫಿಲ್ಟರ್ ಪಕ್ಕಪಕ್ಕ ಇಟ್ಟ. ಒಂದು ಫಿಲ್ಟರ್ ಹಾಳೆಯನ್ನು ಮಂಕು ಮಾಡಿತು, ಅಷ್ಟೆ. ಇನ್ನೊಂದು ಮಂಕೂ ಮಾಡಿತು, ಹಳದಿಯೂ ಮಾಡಿತು. ಒರೆಸಣ್ಣ ನಮ್ಮ ಮೇಜಿನ ಮೇಲೆ ತೋರಿಸಿದ್ದನ್ನೇ ಅವರು ಅಧಿಕಾರಿಯ ಮೇಜಿನ ಮೇಲೆ ತೋರಿಸಿದರು.

"ಈ ಎರಡನೇದು, ನೀವು ಬಳಸಿದ ಮಾಲೇ ತಾನೆ?"

"ಹೌದು."

"ಹಾಗಾದ್ರೆ ನಿಮ್ಮ ಫೋಟೋದ ಹಳದಿ ನೀರಿಂದೋ, ಗಾಜಿಂದೋ?"

ನಮ್ಮ ವಕೀಲ ಕೆಮ್ಮಿದ. ಒರೆಸಣ್ಣ ಜೇಬಿಗೆ ಕೈ ಹಾಕಿ ಬಟ್ಟೆ ತೆಗೆದ, ಒರೆಸಲು ಏನೂ ಸಿಗದೆ ಮುದುರಿ ಹಿಡಿದುಕೊಂಡ.

"ಹೆಚ್ಚಿನದು ನೀರಿಂದು ಸಾರ್. ಸ್ವಲ್ಪ ಗಾಜಿಂದು."

"ಸ್ವಲ್ಪ ಅಂದ್ರೆ ಎಷ್ಟು?"

"ಅಳೆದಿಲ್ಲ."

ಬಣ್ಣ ರುಜುವಾತಾಗಿಲ್ಲ ಎಂದು ದೂರು ವಜಾ ಆಯಿತು.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ತಮ್ಮ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಅರ್ಧ ದಾರಿಯಲ್ಲಿ ಅಕ್ಕ ಕೇಳಿದಳು.

"ಸ್ವಲ್ಪ ಅಂತ ಯಾಕೋ ಹೇಳ್ದೆ?"

"ಸ್ವಲ್ಪ ಇತ್ತಲ್ಲಕ್ಕ."

"ನನ್ನ ಕೈ ನೋಡೋ. ಇದೂ ನಿನ್ನ ಗಾಜಿಂದೇನೋ?"

ಅವನು ಕಿಟಕಿಯ ಕಡೆ ತಿರುಗಿದ. ನಾನು ಹಿಂದೆಯೇ ಇದ್ದೆ. ಬಾಯಿ ಬಿಡಬಹುದಿತ್ತು: ಅಮ್ಮಾ, ಒಳ್ಳೇ ಗಾಜು ಬೇಕು ಅಂತ ನಿನ್ನ ತಮ್ಮ ಕೇಳಿದ್ದ, ನಾವು ನಕ್ಕು ಕಳಿಸಿದೆವು. ಬಿಡಲಿಲ್ಲ. ಮಾರನೇ ದಿನ ಅವಳು ನನ್ನ ಹತ್ತಿರ ಬಂದು, "ಮೇಲಿನವರ ಹತ್ತಿರ ಹೋದ್ರೆ ಏನಾದ್ರೂ ಆಗ್ತದಾ?" ಅಂತ ಕೇಳಿದಳು. "ನಿನ್ನ ತಮ್ಮ ಒಂದು ಮಾತು ನುಂಗಿಕೊಂಡಿದ್ರೆ ಎಲ್ಲಿಗೂ ಹೋಗೋದು ಬೇಕಿರಲಿಲ್ಲಮ್ಮ" ಅಂದೆ. ನಾಲಿಗೆಗೆ ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಆಮೇಲೆ ನಾನೇ ಅದನ್ನು ನಂಬಿದೆ. ಸಮಿತಿಯ ನಡಾವಳಿಯಲ್ಲೂ ಬರೆದೆ: ಸಾಕ್ಷಿಯ ದೌರ್ಬಲ್ಯದಿಂದ ದೂರು ಬಿದ್ದುಹೋಯಿತು.

ಎರಡು ತಿಂಗಳಿಗೆ ಆಸ್ಪತ್ರೆಯವರು ಬಟ್ಟೆ ಕಳಿಸುವುದನ್ನು ನಿಲ್ಲಿಸಿದರು. ಅಕ್ಕ ತನ್ನ ಪೆಟ್ಟಿಗೆ ತೆಗೆದುಕೊಂಡು ಮಗಳ ಮನೆಗೆ ಹೋದಳು. ಸೇತುವೆ ದಾಟಿದರೆ ಹನ್ನೆರಡು ನಿಮಿಷದ ನಡಿಗೆ. ತಮ್ಮ ಹೋದರೆ ಕದ ತೆಗೆಯುವಳು, ಕೂರು ಎನ್ನುವಳು, ನೀರು ಕೊಡುವಳು. ಮಾತು ಮಾತ್ರ ಮಗಳ ಬಾಯಿಂದ. "ನಿಮ್ಮ ಮಾವನಿಗೆ ಹೇಳು, ಹೊತ್ತಾಯ್ತು ಅಂತ." ಎದುರಿಗೆ ಕೂತವನಿಗೆ ಹೀಗೆ.

ಅವನು ಮದುವೆ ಫೋಟೋಗೆ ಇಟ್ಟುಕೊಂಡಿದ್ದ ಎರಡನೇ ಲೆನ್ಸ್ ಮಾರಿ ಆ ದುಬಾರಿ ಫಿಲ್ಟರ್ ಕೊಂಡ. ಹಿತ್ತಾಳೆಯ ಉಂಗುರ, ಬೆರಳು ತಾಕಿದರೆ ತಿರುಗುತ್ತಿತ್ತು. ಮತ್ತೆ ಕೆರೆ ದಡದಲ್ಲಿ ಕೂತ. ಈ ಸಲ ದಿನಾ ಮೊದಲು ಬಿಳಿ ಬಟ್ಟೆಯ ತುಂಡಿನದೊಂದು ಫೋಟೋ, ಆಮೇಲೆ ನೀರಿನದು. ಮೂರು ತಿಂಗಳು ಹಾಗೆ ಕಾದ. ಕೊಳವೆಯಿಂದ ಏನೂ ಬರಲಿಲ್ಲ. ಕಾರ್ಖಾನೆಯವರು ನಮಗಿಂತ ಬುದ್ಧಿವಂತರು, ಬಣ್ಣವನ್ನು ಟ್ಯಾಂಕರಿನಲ್ಲಿ ತುಂಬಿ ಬೇರೆಲ್ಲೋ ಸುರಿಯುತ್ತಿದ್ದರು. ಕೆರೆ ನಿಧಾನಕ್ಕೆ ತಿಳಿಯಾಯಿತು. ಒಗೆಯುವವಳೇ ಇರಲಿಲ್ಲ.

ಮದುವೆಗಳಿಗೆ ಕರೆಯುವುದನ್ನು ಜನ ಬಿಟ್ಟರು. ಲೆನ್ಸ್ ಇಲ್ಲದ್ದು ಒಂದು ಕಾರಣ. ಕೇಸು ಕೆಡಿಸಿದವನು ಅನ್ನುವುದು ಇನ್ನೊಂದು. ಗುರುತಿನ ಚೀಟಿಗೆ ಬೇಕಾದ ಪುಟ್ಟ ಫೋಟೋಗಳಲ್ಲೇ ಅವನ ದಿನ ಕಳೆಯಿತು. ಯಾರಾದರೂ ಎದುರಿಗೇ ಚುಚ್ಚಿದರೆ, "ಗದ್ದ ಸ್ವಲ್ಪ ಮೇಲೆತ್ತಿ" ಅನ್ನುತ್ತಿದ್ದ. ಸಮಿತಿ ನಕ್ಕ ವಿಷಯ ಒಬ್ಬರಿಗೂ ಹೇಳಲಿಲ್ಲ.

ನಾಲ್ಕನೇ ವರ್ಷ ಅಕ್ಕ ಜ್ವರದಲ್ಲಿ ತೀರಿಕೊಂಡಳು. ಕೊನೆಯ ದಿನ ಹಾಸಿಗೆ ಪಕ್ಕ ಇವನು ಕೂತಿದ್ದ. ಅವಳು ಕಣ್ಣು ಬಿಟ್ಟು ನೋಡಿ, ಮಗಳ ಕಡೆ ತಿರುಗಿ, "ನಿಮ್ಮ ಮಾವ ಊಟ ಮಾಡಿದ್ನಾ ಕೇಳು" ಅಂದಳಂತೆ. ಅವಳು ಆಡಿದ ಕೊನೇ ಮಾತು ಅದು.

ವಾರ ಕಳೆದು ನಾನು ಅಂಗಡಿಗೆ ಹೋದೆ. ಅವನು ನನ್ನ ಕನ್ನಡಕ ತೆಗೆದುಕೊಂಡು ಒರೆಸತೊಡಗಿದ.

"ನಿಜ ಏನಂತ ಅವಳಿಗೆ ನಾನು ಹೇಳಬೇಕಿತ್ತು" ಅಂದೆ.

"ಬೇಕಿತ್ತು."

"ನೀನಾದ್ರೂ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನಿಮ್ಮ ಮೇಲೂ ಸಿಟ್ಟಾಗ್ತಿದ್ಳು ಕಾರ್ಯದರ್ಶಿಗಳೇ. ಸಮಿತಿ ಒಂದಾದ್ರೂ ತನ್ನ ಕಡೆ ಇದೆ ಅಂತ ಅಂದ್ಕೊಂಡಿದ್ಳು. ಅದನ್ನೂ ಯಾಕೆ ಕಿತ್ಕೊಳ್ಳಲಿ?"

ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಸ್ಟೂಲಿನ ಮೇಲೆ ಕೂತ. ನಾನು ಎದ್ದು ಹೊರಟೆ, ಅವನು ತಡೆಯಲಿಲ್ಲ.

ಒರೆಸಣ್ಣ ಹೋದ ತಿಂಗಳು ತೀರಿಕೊಂಡ. ನಡಾವಳಿಯ ಆ ಸಾಲನ್ನು ಮೊನ್ನೆ ಹೊಡೆದುಹಾಕಿ ಮೇಲೆ ಬರೆದೆ: ಸಾಕ್ಷಿ ಒಳ್ಳೆಯ ಗಾಜು ಕೇಳಿದ್ದ, ಸಮಿತಿ ಕೊಡಿಸಲಿಲ್ಲ. ಹೊಸ ಖಜಾಂಚಿ ಅದನ್ನು ಓದಿ, "ಯಾರು ಸಾರ್ ಈ ಸಾಕ್ಷಿ?" ಅಂತ ಕೇಳಿದ. ಕೂರಿಸಿಕೊಂಡು ಮೊದಲಿಂದ ಹೇಳಿದೆ.