ಗೂಢಚಾರ ಸಿನಿಮಾಗಳ ಕಾಕಾ

ಜೇವರ್ಗಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ರವಿವಾರ ಮಧ್ಯಾಹ್ನ ನಮ್ಮಲ್ಲಿಗೆ ಹಳೆಯ ಗೂಢಚಾರ ಸಿನಿಮಾ ನೋಡಲು ಬರುತ್ತಿದ್ದರು. ಹತ್ತು ಸಲ ನೋಡಿದ್ದನ್ನೂ ಕುರ್ಚಿಯ ತುದಿಗೆ ಸರಿದು ಕೂತು ನೋಡುವರು. ನಾಯಕನ ಕೈಯನ್ನು ಯಾರು ಕುಲುಕಿದರೂ, "ಅವನ್ನ ನಂಬಬ್ಯಾಡೋ ತಮ್ಮಾ!" ಎಂದು ಟೀವಿಗೇ ಕೂಗಿ ಹೇಳುವರು.

ಒಮ್ಮೆ ನಾನು ಅದನ್ನು ಕದ್ದುಮುಚ್ಚಿ ಮೊಬೈಲಿನಲ್ಲಿ ಹಿಡಿದು ಗೆಳೆಯರಿಗೆ ಕಳಿಸಿದೆ. ಆ ವಿಡಿಯೊ ಕಮಲಾಪುರದಲ್ಲಿ ಅವರು ಮಗಳನ್ನು ಕೊಟ್ಟ ಮನೆಯವರೆಗೂ ಹೋಯಿತು. ಬೀಗರೆಲ್ಲ ನಕ್ಕರಂತೆ.

ಮುಂದಿನ ರವಿವಾರವೂ ಕಾಕಾ ಬಂದರು. ಸಿನಿಮಾ ಅರ್ಧ ಮುಗಿದರೂ ತುಟಿ ಬಿಚ್ಚಲಿಲ್ಲ.

"ಯಾಕ್ರೀ ಕಾಕಾ, ಸುಮ್ಮ ಕುಂತೀರಿ?" ಎಂದೆ.

"ಆ ಫೋನ್ ಒಳಗ ಇಟ್ಟು ಬಾ. ಆಮ್ಯಾಲ ಮಾತಾಡ್ತೀನಿ," ಎಂದರು ಮೆಲ್ಲಗೆ.

ಒಳಕೋಣೆಗೆ ಹೋಗಿ ಇಟ್ಟೆ. ಮರಳಿ ಅವರೆದುರು ಕೂರಲು ನಾಚಿಕೆಯಾಗಿ, ಬಾಗಿಲ ಬಳಿಯೇ ನಿಂತು ಉಳಿದ ಸಿನಿಮಾ ನೋಡಿದೆ.