ಎಲೆ ಚಿವುಟುವ ಬೆರಳುಗಳು

ಸೆಪ್ಟೆಂಬರ್ ತಿಂಗಳ ಮೊದಲ ಬುಧವಾರ, ಬೆಳಗ್ಗೆ ಏಳು ಗಂಟೆ. ದೇರೆಬೈಲಿನ ನನ್ನ ಫ್ಲ್ಯಾಟಿನ ಉತ್ತರದ ಕಿಟಕಿಯ ಬಳಿ ಇದ್ದವರು ಇಬ್ಬರೇ. ನಾನು ಮತ್ತು ತಂಗಿ ಸುಗಂಧಿ.

ಸುಗಂಧಿಯದ್ದು ಮೀನಿನ ವ್ಯಾಪಾರ. ಬಂದರಿನ ದಕ್ಕೆಯಲ್ಲಿ ಮೀನು ಕೊಂಡು, ತನ್ನ ಸಣ್ಣ ಟೆಂಪೊವನ್ನು ತಾನೇ ಓಡಿಸಿಕೊಂಡು ಹೋಟೆಲುಗಳಿಗೆ ಕೊಡುತ್ತಾಳೆ. ದಾರಿಯಲ್ಲಿ ನನ್ನ ಮನೆಯಲ್ಲಿ ಒಂದು ಚಾ. ನಾನು ನಿವೃತ್ತ ಡ್ರಿಲ್ ಟೀಚರ್. ಸೀಟಿ ಊದಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವುದು ನನ್ನ ಕೆಲಸವಾಗಿತ್ತು. ಈಗ ಕಿಟಕಿಯಲ್ಲಿ ಸಾಲಾಗಿ ನಿಲ್ಲುವುದು ಆಫ್ರಿಕನ್ ವಯೊಲೆಟ್ ಚಟ್ಟಿಗಳು. ಅಂಗೈ ಅಗಲದ ಗಿಡ, ಮಖಮಲ್ಲಿನಂತೆ ರೋಮವಿರುವ ದಪ್ಪ ಎಲೆ, ನಡುವೆ ನೇರಳೆ ಹೂಗಳ ಗೊಂಚಲು. ಶಿಸ್ತಿನ ಗಿಡ. ಎಲೆಗೆ ನೀರು ತಾಗಬಾರದು. ಅಡಿಯ ತಟ್ಟೆಯಲ್ಲಿ ನೀರಿಟ್ಟರೆ ಬೇಕಾದಷ್ಟು ಹೀರಿಕೊಳ್ಳುತ್ತದೆ, ಉಳಿದದ್ದನ್ನು ಮರೆಯದೆ ಚೆಲ್ಲಬೇಕು. ಬುಧವಾರ ಮತ್ತು ಭಾನುವಾರ ನಾನು ಕೆಳಗಿನ ಸಾಲಿನ ಹಳೆಯ ಎಲೆಗಳನ್ನು ಚಿವುಟುತ್ತೇನೆ. ತೊಟ್ಟನ್ನು ಬುಡದಲ್ಲಿ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಟಪ್ ಎಂದು ಬಿಡಿಸಿಕೊಳ್ಳುತ್ತದೆ. ಆ ಸದ್ದು ನನಗೆ ಬಹಳ ಇಷ್ಟ.

ಆ ಬುಧವಾರ ಸದ್ದು ಬರಲಿಲ್ಲ.

ಬೆರಳುಗಳು ತೊಟ್ಟಿನ ಮೇಲಿದ್ದವು, ಕಣ್ಣಿಗೆ ಕಾಣುತ್ತಿತ್ತು. ತೊಟ್ಟು ಮಾತ್ರ ಬೆರಳಿಗೆ ಸಿಗುತ್ತಿರಲಿಲ್ಲ. ಇಡೀ ಕೈಯೇ ಎಳೆಯಿತು, ಅರಳಿದ ಗೊಂಚಲು ಕಿತ್ತು ಬಂತು.

"ಎಂತ ಅಕ್ಕ, ಚಂದದ್ದನ್ನೇ ಕಿತ್ತದ್ದು?" ಎಂದಳು ಸುಗಂಧಿ.

ಉತ್ತರ ಕೊಟ್ಟೆ. ಅದು ಮಾತಿನ ಹಾಗೆ ಕೇಳಲಿಲ್ಲ.

ಅವಳು ಚಾದ ಗ್ಲಾಸು ಕೆಳಗಿಟ್ಟು ನನ್ನ ಮುಖ ನೋಡಿದಳು. ಬಾಯಿ ಒಂದು ಬದಿಗೆ ಜಾರಿತ್ತಂತೆ. ಯಾರಿಗೂ ಫೋನ್ ಮಾಡಲಿಲ್ಲ, ನೀರು ಕುಡಿಸಲಿಲ್ಲ. ನನ್ನನ್ನು ಅಡ್ಡ ತಬ್ಬಿಕೊಂಡು ಲಿಫ್ಟಿನಲ್ಲಿ ಇಳಿಸಿ, ಟೆಂಪೊದ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದಳು. ಹಿಂದೆ ಬಂಗುಡೆಯ ಪೆಟ್ಟಿಗೆಗಳು. ತಿರುವಿನಲ್ಲೆಲ್ಲ ಐಸ್ ಗಡಗಡ ಎನ್ನುತ್ತಿತ್ತು. ಆಸ್ಪತ್ರೆಯ ಕ್ಯಾಶುವಲ್ಟಿ ಬಾಗಿಲಿಗೇ ಮೀನಿನ ಗಾಡಿ ತಂದಳೆಂದು ವಾಚ್‌ಮ್ಯಾನ್ ತಡೆಯಲು ಬಂದ. "ಮೀನು ಅಲ್ಲ ಮಾರಾಯ, ನನ್ನ ಅಕ್ಕ" ಎಂದಳು. ಅಷ್ಟು ಸ್ಪಷ್ಟವಾಗಿ ನೆನಪಿದೆ. ಆಮೇಲಿನದ್ದು ಬಿಳಿ ದೀಪ, ಸಿಟಿ ಸ್ಕ್ಯಾನ್, ಕೈಗೆ ಚುಚ್ಚಿದ ಡ್ರಿಪ್.

ಸ್ಟ್ರೋಕ್. ಮೆದುಳಿನ ಎಡಭಾಗದಲ್ಲಿ ಕ್ಲಾಟ್.

"ಬೇಗ ಬಂದದ್ದು ಒಳ್ಳೇದಾಯಿತು, ಇಂಜೆಕ್ಷನ್ ಕೊಡಲಿಕ್ಕೆ ಆಯಿತು" ಎಂದರು ನ್ಯೂರಾಲಜಿಸ್ಟ್. ಸಂಜೆಗೆ ಮಾತು ಸುಮಾರಾಗಿ ಮರಳಿತು. ಕಾಲು ಎರಡು ದಿನದಲ್ಲಿ ಮಂಚದಿಂದ ಇಳಿಯಿತು. ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದ್ದೋ ಕೈಯಂತೆ ಬಿದ್ದಿತ್ತು. ಕೇಳಿದೆ. ಡಾಕ್ಟರ್ ಸುತ್ತಿ ಬಳಸದೆ ಹೇಳಿದರು. "ತೋಳು ಏಳಬಹುದು. ಬೆರಳಿನ ಸೂಕ್ಷ್ಮ ಕೆಲಸದ ಬಗ್ಗೆ ಈಗ ಮಾತು ಕೊಡಲಿಕ್ಕೆ ಆಗುದಿಲ್ಲ. ಪಿಂಚ್ ಬರಬೇಕು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಸಿಗಬೇಕು."

ಪಿಂಚ್ ಎಂದರೆ ಏನೆಲ್ಲ ಎಂದು ಅಲ್ಲಿ ಮಲಗಿ ಯೋಚಿಸಿದೆ. ರವಕೆಯ ಹುಕ್ಕು, ಮಾತ್ರೆಯ ಶೀಟು, ಚಿಟಿಕೆ ಉಪ್ಪು. ಮೀನು ತಿನ್ನುವಾಗ ಮುಳ್ಳು ಬಿಡಿಸುವುದು. ಕಡಲ ಕರೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಬಂಗುಡೆಯ ಮುಳ್ಳನ್ನು ಇನ್ನೊಬ್ಬರು ಬಿಡಿಸಿ ಬಾಯಿಗಿಡುವುದನ್ನು ಕಾಯುತ್ತ ಕೂರುವುದೆಂದರೆ, ಆ ಯೋಚನೆಯಲ್ಲೇ ನನಗೆ ಹಸಿವು ಹೋಯಿತು. ಉಳಿದ ಆಯುಷ್ಯದಲ್ಲಿ ನಾನು ನನ್ನ ಕೆಲಸ ಮಾಡಿಕೊಳ್ಳುವವಳೋ ಮಾಡಿಸಿಕೊಳ್ಳುವವಳೋ ಎಂಬುದು ಎರಡು ಬೆರಳ ತುದಿಯ ನಡುವಿನ ಜಾಗಕ್ಕೆ ಬಂದು ನಿಂತಿತ್ತು.

ಫಿಸಿಯೋಥೆರಪಿಸ್ಟ್ ರೇಷ್ಮಾ ಶಕ್ತಿನಗರದ ಹುಡುಗಿ. ಮೊದಲ ದಿನವೇ ನನ್ನ ಕೈಗೆ ಬಟ್ಟೆ ಕ್ಲಿಪ್ ಹಿಡಿಸಿದಳು. ಬಿತ್ತು. ಮತ್ತೆ ಹಿಡಿಸಿದಳು, ಮತ್ತೆ ಬಿತ್ತು.

"ಟೀಚರ್, ಇನ್ನೊಮ್ಮೆ."

"ಇನ್ನೊಮ್ಮೆ ಎನ್ನುವುದು ನನ್ನ ಡಯಲಾಗ್" ಎಂದೆ.

"ಗೊತ್ತುಂಟು. ಇವತ್ತಿನಿಂದ ನನ್ನದು."

ಡಿಸ್ಚಾರ್ಜ್ ಆಗಿ ಮನೆಗೆ ಬಂದರೆ, ಬಾಗಿಲು ತೆಗೆದಾಗಲೇ ವಾಸನೆ. ಕಿಟಕಿಯ ಹೊರಗಿನ ಸಜ್ಜದ ಮೇಲೆ ಮೂರು ಬೆಕ್ಕುಗಳು ಒಳಗೇ ಕಣ್ಣಿಟ್ಟು ಕೂತಿದ್ದವು. ಚಟ್ಟಿಗಳ ಸಾಲಿನಲ್ಲಿ ನನ್ನ ವಯೊಲೆಟ್‌ಗಳು ಬೇಯಿಸಿದ ಬಸಳೆಯಂತೆ ಮಲಗಿದ್ದವು.

"ಸುಗಂಧಿ, ಇವುಗಳಿಗೆ ನೀರು ಹಾಕಿದ್ದು ಯಾರು?"

"ನಾನೇ. ದಿನಾ ಬಂದು ಹಾಕಿದ್ದೇನೆ. ಒಂದು ದಿನ ತಪ್ಪಿಸಲಿಲ್ಲ."

"ಎಂತ ನೀರು?"

"ಮೀನು ತೊಳೆದ ನೀರು. ಸುಮ್ಮನೆ ನಳ್ಳಿ ನೀರು ಅಲ್ಲ, ಒಳ್ಳೆ ರೇಟಿನ ಅಂಜಲ್ ಮೀನು ತೊಳೆದದ್ದು." ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ನಮ್ಮ ಅಮ್ಮ ಕರಿಬೇವಿಗೆ, ಮಲ್ಲಿಗೆಗೆ ಎಲ್ಲ ಅದನ್ನೇ ಅಲ್ವಾ ಹಾಕ್ತಿದ್ದದ್ದು? ನೀವು ಹುಷಾರಾಗಿ ಬರುವಾಗ ಹೂ ತುಂಬಿರಲಿ ಅಂತ ಮೇಲಿನಿಂದ ಚೆನ್ನಾಗಿ ಹೊಯ್ದೆ."

ಕೋಪ ಬಂತು. ಬಾಯಿ ತೆರೆದೆ. ಬಂದದ್ದು ನಗು. ಅಮ್ಮನ ಕರಿಬೇವು ಆ ನೀರು ಕುಡಿದು ಮನೆಯ ಮಾಡಿನಷ್ಟು ಎತ್ತರ ಬೆಳೆದದ್ದು ಸತ್ಯವೇ. ಮೀನುಗಾರರ ಮನೆಯಲ್ಲಿ ಗಿಡವನ್ನು ಪ್ರೀತಿಸುವ ಕ್ರಮ ಅದೊಂದೇ. ಸೊಟ್ಟ ಬಾಯಿಯಲ್ಲಿ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಸುಗಂಧಿ ಮೊದಲು ಹೆದರಿದಳು, ಆಮೇಲೆ ತಾನೂ ಶುರು ಮಾಡಿದಳು.

ನಕ್ಕು ಮುಗಿದ ಮೇಲೆ ತಪಾಸಣೆ ಮಾಡಿದೆ. ಎಲ್ಲದರ ನೆತ್ತಿ, ಎಲೆಗಳು ಹುಟ್ಟುವ ನಡುಭಾಗ, ಕೊಳೆತಿತ್ತು. ಸಾಲಿನ ಕೊನೆಯದು ಮಾತ್ರ ಬೇರೆ. ಪರದೆಯ ಮರೆಯಲ್ಲಿದ್ದುದರಿಂದ ಅದಕ್ಕೆ ಬಿದ್ದ ನೀರು ಬುಡಕ್ಕಷ್ಟೇ ಇಳಿದಿತ್ತು. ಬೇರು ಹೋಗಿತ್ತು, ನೆತ್ತಿ ಗಟ್ಟಿ.

ಇಂಥದ್ದಕ್ಕೆ ಒಂದು ಉಪಾಯ ಉಂಟು. ಕೊಳೆತ ಭಾಗದ ಮೇಲಕ್ಕೆ ಕಾಂಡವನ್ನೇ ಕತ್ತರಿಸಬೇಕು. ಕೆಳಗಿನ ಎಲೆಗಳನ್ನೆಲ್ಲ ಬಿಡಿಸಿ, ಮೋಟು ಕಾಂಡವನ್ನು ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಕೂರಿಸಿ ಪ್ಲಾಸ್ಟಿಕ್ ಚೀಲ ಮುಚ್ಚಬೇಕು. ಹೊಸ ಬೇರು ಬಂದರೆ ಬಂತು.

"ಕೊಯ್ಯುವುದು ನಾನು. ಇದು ಮೀನು ಕೊಯ್ಯುವ ಕೈ" ಎಂದಳು ಸುಗಂಧಿ. ಒಪ್ಪಿದೆ. ಒಂದೇ ಏಟಿಗೆ, ಓರೆಯಿಲ್ಲದೆ ಕತ್ತರಿಸಿದಳು. ಕಾಂಡದ ಒಳಗೆ ಹಸಿರು ಇತ್ತು.

"ಎಲೆ ಬಿಡಿಸುವುದು ನಾನು" ಎಂದೆ.

ಎಡಗೈ ಗಿಡ ಹಿಡಿಯಿತು. ಬಲಗೈಯನ್ನು ತೊಟ್ಟಿನ ಬಳಿ ತಂದೆ. ಸಾವಧಾನ್, ಎಂದು ಬೆರಳುಗಳಿಗೆ ಹೇಳಿದೆ. ಹೆಬ್ಬೆರಳು ತೋರುಬೆರಳನ್ನು ದಾಟಿ ಎಲ್ಲಿಗೋ ಹೋಯಿತು. ಎಲೆ ಜಜ್ಜಿ ಹೋಯಿತು.

ಉಳಿದವನ್ನು ಎಡಗೈಯಲ್ಲಿ ಬಿಡಿಸಿದೆ. ಸುಗಂಧಿ ಬೇಕೆಂದೇ ಕಿಟಕಿಯ ಆಚೆ ನೋಡುತ್ತಿದ್ದಳು.

ರೇಷ್ಮಾಗೆ ಇದನ್ನು ಹೇಳಿದಾಗ ಅವಳು ಬೈಯಲಿಲ್ಲ. ಬಿಡಿಸಿದ ಎಲೆಗಳನ್ನು ತರಿಸಿ, ಮರದ ಮಣೆಯ ಮೇಲೆ ಸಾಲಾಗಿಟ್ಟಳು. "ಬಟ್ಟೆ ಕ್ಲಿಪ್ ನಿಮಗೆ ಬೋರು ಅಲ್ವಾ? ಇದನ್ನು ಒಂದೊಂದೇ ಎತ್ತಿ ಈ ಲೋಟಕ್ಕೆ ಹಾಕಿ. ಜಜ್ಜಬಾರದು."

ಅಲ್ಲಿಂದ ಎಕ್ಸರ್‌ಸೈಜ್ ನನ್ನದಾಯಿತು. ಬೆಳಗ್ಗೆ ಎದ್ದು ಮಾತ್ರೆ, ಬಿಪಿ, ಕಾರಿಡಾರಿನಲ್ಲಿ ನಡಿಗೆ, ನಂತರ ಎಲೆ. ಜಜ್ಜದೆ ಉಳಿದ ಎಲೆಗಳನ್ನು ತೊಟ್ಟಿನ ಕಡೆಯಿಂದ ನಾರಿನ ಪುಡಿಗೆ ಊರಿದೆ. ಅವೂ ಗಿಡವಾಗಬಲ್ಲವು. ಆಮೇಲೆ ಬೆಂಡೆಕಾಯಿ ತೊಟ್ಟು, ಸಿಗಡಿಯ ಮೀಸೆ, ಕೈಗೆ ಸಿಕ್ಕಿದ್ದೆಲ್ಲ. ಸುಗಂಧಿ ರಾತ್ರಿ ನನ್ನ ಮನೆಯಲ್ಲೇ ಉಳಿಯತೊಡಗಿದಳು. ಚೀಲ ಮುಚ್ಚಿದ ಚಟ್ಟಿಯ ಎದುರು ಹಾದು ಹೋಗುವಾಗಲೆಲ್ಲ ಕೈ ಎತ್ತಿ ತೋರಿಸುತ್ತಿದ್ದಳು. "ನೋಡಿ, ಖಾಲಿ ಕೈ. ನೀರಿಲ್ಲ."

ಕೆಲವು ದಿನ ಕೈ ಹಿಂದೆ ಹೋಯಿತು. ನಿನ್ನೆ ಹಿಡಿದದ್ದನ್ನು ಇವತ್ತು ಹಿಡಿಯದು. ಅಂಥ ದಿನ ಮಂಚದಿಂದ ಏಳುವುದೇ ಬೇಡ ಎನಿಸುತ್ತಿತ್ತು. ಆದರೂ ಏಳುತ್ತಿದ್ದೆ, ಏಕೆಂದರೆ ಚೀಲದೊಳಗೆ ಬೆವರಿನಂತೆ ನೀರ ಹನಿ ಕೂತಿದೆಯೋ ಎಂದು ನೋಡಬೇಕಿತ್ತು. ಹನಿ ಇರುತ್ತಿತ್ತು. ಒಳಗಿನ ಗಿಡ ಬೇರಿಲ್ಲದೆಯೂ ಎಲೆಗಳನ್ನು ನೆಟ್ಟಗೆ ಹಿಡಿದಿತ್ತು. ದೇಹಕ್ಕೆ ತನ್ನದೇ ಟೈಮ್‌ಟೇಬಲ್ ಇರುತ್ತದೆ, ಅದನ್ನು ನಾನು ಬರೆಯಲಾರೆ ಎಂದು ಒಪ್ಪಿಕೊಳ್ಳಲು ನನ್ನಂಥವಳಿಗೆ ಈ ಕಾಯಿಲೆಯೇ ಬೇಕಾಯಿತು.

ಒಂದು ಬೆಳಗ್ಗೆ ಗಿಡವನ್ನು ಮೆಲ್ಲಗೆ ಎಳೆದು ನೋಡಿದೆ. ಅದು ಬರಲಿಲ್ಲ. ಹೊಸ ಬೇರು ನಾರಿನ ಪುಡಿಯನ್ನು ಹಿಡಿದಿತ್ತು.

"ಸುಗಂಧೀ" ಎಂದು ಕೂಗಿದ ಕೂಗಿಗೆ ಅವಳು ಸೌಟು ಹಿಡಿದೇ ಓಡಿ ಬಂದಳು. ಮತ್ತೆ ಸ್ಟ್ರೋಕ್ ಎಂದುಕೊಂಡಳಂತೆ. ವಿಷಯ ತಿಳಿದ ಮೇಲೆ ಸೌಟಿನಲ್ಲೇ ಹೊಡೆಯಲು ಬಂದಳು.

ನಿನ್ನೆ ಭಾನುವಾರ, ಜನವರಿಯ ಬಿಸಿಲು. ಬೆಳಗ್ಗೆ ಹತ್ತು ಗಂಟೆ. ಇದ್ದವರು ನಾನು, ಸುಗಂಧಿ, ರೇಷ್ಮಾ. ರೇಷ್ಮಾ ಡ್ಯೂಟಿಗಲ್ಲ, ಊಟಕ್ಕೆ ಬಂದದ್ದು. ಗಿಡ ಈಗ ಚಟ್ಟಿಯ ಅಂಚು ದಾಟಿದೆ, ನಡುವೆ ಮೊದಲ ಮೊಗ್ಗುಗಳು. ಕೆಳಗಿನ ಸಾಲಿನಲ್ಲಿ ಒಂದು ಎಲೆ ಹಳದಿಯಾಗಿತ್ತು.

ಬಲಗೈ ಮುಂದೆ ತಂದೆ. ತೊಟ್ಟಿನ ಬುಡದಲ್ಲಿ ಎರಡು ಬೆರಳು ಸೇರಿದವು. ನಡುವೆ ತೊಟ್ಟಿನ ದಪ್ಪ, ಅದರ ರೋಮ, ತಂಪು ಎಲ್ಲ ಗೊತ್ತಾಯಿತು. ಪಕ್ಕಕ್ಕೆ ಬಾಗಿಸಿದೆ.

ಟಪ್.

"ಕೇಳಿತಾ?" ಎಂದೆ. "ಕೇಳಿತಾ ನಿಮಗೆ?"

"ಕೇಳಿತು ಟೀಚರ್" ಎಂದಳು ರೇಷ್ಮಾ. ಆಮೇಲೆ, "ಇನ್ನೊಮ್ಮೆ" ಎಂದಳು.

ಇನ್ನೊಂದು ಹಳದಿ ಎಲೆ ಇರಲಿಲ್ಲ. ಹಸಿರು ಎಲೆಯನ್ನೇ ಚಿವುಟಿದೆ. ಶಿಸ್ತು ಒಂದು ದಿನ ತಪ್ಪಲಿ.

ಮಧ್ಯಾಹ್ನ ಊಟಕ್ಕೆ ಬಂಗುಡೆ ಗಸಿ. ಮುಳ್ಳು ನಾನೇ ಬಿಡಿಸಿದೆ. ನಡುಮುಳ್ಳು ಸರಾಗವಾಗಿ ಬಂತು, ಸಣ್ಣವು ಕೆಲವು ಬರಲಿಲ್ಲ, ಸುಗಂಧಿ ಕೈ ಹಾಕಿದಳು. ನಾನು ಬೇಡ ಎನ್ನಲಿಲ್ಲ. ರವಕೆಯ ಹುಕ್ಕು ಇನ್ನೂ ನನ್ನ ಮಾತು ಕೇಳುವುದಿಲ್ಲ. ಹೆಬ್ಬೆರಳ ತುದಿ ಈಗಲೂ ಮರಗಟ್ಟಿದಂತೆ ಇದೆ, ಹಾಗೆಯೇ ಉಳಿಯಬಹುದು ಎಂದಿದ್ದಾರೆ ಡಾಕ್ಟರ್. ಆಗಲಿ. ಇದ್ದಷ್ಟರಲ್ಲಿ ನಡೆಸುತ್ತೇನೆ.

ಊಟವಾದ ಮೇಲೆ ಸುಗಂಧಿ ಮೀನು ತೊಳೆದ ನೀರಿನ ಬೋಗುಣಿ ಎತ್ತಿಕೊಂಡು ಹೊರಟಳು. ಕಿಟಕಿಯ ಬಳಿ ಒಂದು ಗಳಿಗೆ ನಿಂತು ನನ್ನ ಮುಖ ನೋಡಿದಳು.

"ಬಸಳೆಗೆ" ಎಂದೆ.

"ಗೊತ್ತುಂಟು ಮಾರಾಯ್ತಿ" ಎಂದು ಬಾಲ್ಕನಿಯ ಬಸಳೆ ಬಳ್ಳಿಯ ಕಡೆ ಹೋದಳು.

ವಯೊಲೆಟ್ ತನಗೆ ಬೇಕಾದಷ್ಟು ಕುಡಿದಿತ್ತು. ಅಡಿಯ ತಟ್ಟೆಯನ್ನು ಬಲಗೈಯಲ್ಲಿ ಎತ್ತಿ ಉಳಿದ ನೀರನ್ನು ಸಿಂಕಿಗೆ ಚೆಲ್ಲಲು ಹೋದೆ. ಅರ್ಧ ಸಿಂಕಿಗೆ ಬಿತ್ತು, ಅರ್ಧ ನೆಲಕ್ಕೆ. ಬಟ್ಟೆ ತಂದು ಒರೆಸಿದೆ.